ನಾನು ಸ್ಟೇಷನ್ನಿನಲ್ಲಿ ಕಳೆದ ನಾಲ್ಕು ದಿನ

ಇವತ್ತು ಬೆಳಿಗ್ಗೆ ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದುಕೊಂಡು, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋದ ವರ್ಷ ಬೀದರಿನ ಆಸ್ಪತ್ರೆಯಲ್ಲಿ ಕಳೆದ ಇಪ್ಪತ್ತೆರಡು ದಿನ ನೆನಪಾದವು. ನಿಮಗೂ ಹೇಳಿಬಿಡುತ್ತೇನೆ, ಹೇಗೂ ನನ್ನ ಹೆಂಡತಿ ಕಮಲಾ ಅರ್ಧ ಭಾಲ್ಕಿಗೆ ಹೇಳಿ ಮುಗಿಸಿದ್ದಾಳೆ.

ಔರಾದಿನ ತಹಸೀಲ್ ಕಚೇರಿಯಲ್ಲಿ ಮೂವತ್ತು ವರ್ಷ ಹಳೆಯ ಕಡತಗಳನ್ನು ಕಾದವನು ನಾನು. ಅಲ್ಲೇ ಒಂದು ರೂಮು. ಭಾಲ್ಕಿಯ ಮನೆಗೆ ಬರುವುದು ವಾರಕ್ಕೊಮ್ಮೆ. ಯಾವ ಕಾಗದ ಯಾವ ಗಂಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಿವೃತ್ತನಾದ ಮೇಲೂ ಆ ಜಂಬ ಇಳಿಯಲಿಲ್ಲ. ವಯಸ್ಸಾದವರು ಏನಾದರೂ ಮರೆತರೆ ನಕ್ಕು, ತಲೆ ಬಳಸದಿದ್ದರೆ ಹೀಗೇ ಎಂದು ಉಪದೇಶ ಮಾಡುತ್ತಿದ್ದೆ. ಅಂಥವನು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡೆ. ಆಪರೇಷನ್ ಆಯಿತು, ಹಿಂದೆಯೇ ಜ್ವರ ಬಂತು. ಒಂಬತ್ತನೆಯ ದಿನ ತಲೆ ಕೈಕೊಟ್ಟಿತು.

ವಾರ್ಡು ನನಗೆ ಭಾಲ್ಕಿ ರೈಲ್ವೆ ಸ್ಟೇಷನ್ ಆಯಿತು. ಡಾಕ್ಟರನ್ನು ಸ್ಟೇಷನ್ ಮಾಸ್ತರ ಎಂದು ತಿಳಿದು, ಗಾಡಿ ಯಾಕೆ ಲೇಟು ಎಂದು ಗದರಿದೆನಂತೆ. ದೂರು ಬರೆಯಲು ಕಾಗದ ಕೇಳಿ, ಅದಕ್ಕೆ ಸ್ವೀಕೃತಿ ಸಹಿಯೂ ಬೇಕೆಂದೆನಂತೆ. ಗುಮಾಸ್ತನ ಚಾಳಿ ಆಗಲೂ ಬಿಡಲಿಲ್ಲ.

ಗಂಡನ ಬುದ್ಧಿ ಹೋಯಿತೆಂದು ಕಮಲಾ ಅತ್ತಳು. ಡಾಕ್ಟರು ಅವಳನ್ನು ಕೂರಿಸಿಕೊಂಡು, ಇದು ಹುಚ್ಚಲ್ಲ, ಜ್ವರ, ಔಷಧಿ, ನಿದ್ದೆಗೇಡು ಸೇರಿ ಬರುವ ಗೊಂದಲ, ಸಾಮಾನ್ಯವಾಗಿ ಇಳಿಯುತ್ತದೆ ಎಂದರಂತೆ. ವಾದ ಮಾಡದೆ ಹತ್ತಿರ ಕೂತು ಮೆಲ್ಲಗೆ ಮಾತಾಡಿ, ಅವರಿಗೆ ಕನ್ನಡಕ ಹಾಕಿ ಎಂದರಂತೆ. ಕನ್ನಡಕ ಮನೆಯಲ್ಲೇ ಉಳಿದಿತ್ತು, ತರಿಸಿದಳು.

ಪಕ್ಕದಲ್ಲಿ ಕೂತವಳನ್ನು ನಾನು ಕೇಳಿದೆ: “ಅಕ್ಕಾರೆ, ನೀವೂ ಯಾರಿಗರ ಕಾಯ್ಲಾಕತ್ತೀರೇನ್ರಿ?”

ಹೌದೆಂದಳು.

“ನನ್ನ ಹೆಂಡ್ತಿ ಹಲಬರ್ಗಾದಾಗ ಗಾಡಿ ಹತ್ತ್ಯಾಳ. ನಮ್ಮವ್ವ ಆರು ವರ್ಷ ಹಾಸಿಗಿ ಹಿಡಿದಿದ್ಲು. ಎಲ್ಲಾ ಆಕಿನೇ ಮಾಡಿದ್ಲರಿ. ಛಲೋ ಮಾಡ್ದಿ ಅಂತ ನಾ ಒಂದಿನಾನೂ ಅನಲಿಲ್ಲ.”

“ಆಕಿಗಿ ಗೊತ್ತದರಿ,” ಎಂದಳು ಆ ಅಕ್ಕ. “ಆದ್ರೂ ಹೇಳ್ರಿ.”

ಹದಿಮೂರನೆಯ ದಿನ ತಲೆ ತಿಳಿಯಾಯಿತು. ಕಮಲಾಳ ಗುರುತು ಹಿಡಿದೆ. ಹಿಡಿದವನು ಮೊದಲು ಆಡಿದ ಮಾತು, ಗಂಜಿಗೆ ಉಪ್ಪಿಲ್ಲ ಎಂದು.

ಮಾಸ್ತರನನ್ನು ಗದರಿದ ಕಥೆಯನ್ನು ಅವಳು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಆದರೆ ಆ ಅಕ್ಕನ ಸುದ್ದಿ ಮಾತ್ರ ಯಾರ ಮುಂದೆಯೂ ಎತ್ತಿಲ್ಲ. ಆ ನಾಲ್ಕು ದಿನಗಳಲ್ಲಿ ನನಗೆ ಸ್ವಂತ ನೆನಪಿರುವುದು ಅದೊಂದೇ. ಕನಸಿರಬಹುದೆಂದು ಒಂದು ವರ್ಷ ಸುಮ್ಮನಿದ್ದೆ. ಕನಸೆಂದರೆ ಹೇಳುವ ಕೆಲಸ ತಪ್ಪುತ್ತದಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಅವ್ವನನ್ನು ನೀನು ನೋಡಿಕೊಂಡ ಹಾಗೆ ನಾನು ನೋಡಿಕೊಳ್ಳುತ್ತಿರಲಿಲ್ಲ ಎಂದೆ. ದನಿ ಯಾಕೋ ಕಚೇರಿಯ ಟಿಪ್ಪಣಿ ಓದಿದ ಹಾಗಿತ್ತು.

ಕಮಲಾ ಒಲೆ ಆರಿಸಿ ಎದುರಿಗೆ ಬಂದು ಕೂತಳು.

“ಅತ್ತಿ ಕಡಿಕಡೀಕ ನನಗ ಅವ್ವಾ, ಅವ್ವಾ ಅಂತಿದ್ರು. ತೊಡಿ ಮ್ಯಾಲ ಮಲಗಿಸ್ಕೋ ಅಂತಿದ್ರು. ನಿಮ್ಮ ಮುಂದ ಹೇಳಿದ್ರ ನಗ್ತೀರಂತ ಹೇಳಲಿಲ್ಲರಿ.”

ನಾನು ನಗಲಿಲ್ಲ. ಅವ್ವ ಇನ್ನೇನು ಹೇಳುತ್ತಿದ್ದಳು ಎಂದು ಕೇಳಿದೆ.