ಟವೆಲ್ಲಿನಡಿಯ ಮಾತು

ಅತನೂರಿನ ಗೌಸಮೊಹಿದ್ದೀನ ದನದ ದಲಾಲ. ಅಫಜಲಪುರ, ಆಳಂದ, ಜೇವರ್ಗಿ, ಯಾವ ಕಡೆ ದನದ ಸಂತೆ ಕೂಡಿದರೂ ಹೆಗಲ ಮೇಲೆ ಹಸಿರು ಗೆರೆಯ ಟವೆಲ್ಲು ಹಾಕಿಕೊಂಡು ಅವನು ಅಲ್ಲಿರುತ್ತಾನೆ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ಲು ಅಲುಗುವುದಷ್ಟೇ ಕಾಣುತ್ತದೆ. ಮೊದಲನೆಯ ಗಿರಾಕಿ ಎಷ್ಟು ಬೆರಳು ಹಿಡಿದ ಎಂಬುದನ್ನು ಎರಡನೆಯವನಿಗೆ ಹೇಳಿದ ದಲಾಲ ಮುಂದಿನ ವಾರ ಸಂತೆಗೆ ಮುಖ ತೋರಿಸುವ ಹಾಗಿಲ್ಲ.

ಈ ಕಸುಬು ಅವನಿಗೆ ಎರಡು ಪಾಠ ಕಲಿಸಿತ್ತು. ಒಬ್ಬನ ಮಾತು ಬೆಲೆಯಲ್ಲ, ಇನ್ನೊಬ್ಬನನ್ನೂ ಕೇಳಬೇಕು. ಇನ್ನೊಬ್ಬನನ್ನು ಕೇಳುವಾಗ ಮೊದಲಿನವನ ಮಾತು ಬಿಟ್ಟುಕೊಡಬಾರದು. ಸಂತೆಯ ಮಟ್ಟಿಗೆ ಎರಡೂ ಸರಿ. ತೊಂದರೆ ಏನೆಂದರೆ ಅವನು ಸಂತೆಯ ಟವೆಲ್ಲನ್ನು ಮನೆಗೂ ಹೊದೆಸಿದ್ದ. ಮಗಳು ಫರಹೀನಳಿಗೆ ವರ ನೋಡುವಾಗ ಒಂದು ಮನೆಯವರ ಸುದ್ದಿ ಇನ್ನೊಂದು ಮನೆಗೆ ತಿಳಿಯದಂತೆ ನೋಡಿಕೊಂಡ. ಕಡೆಗೆ ಒಂದೇ ಶುಕ್ರವಾರ ಎರಡೂ ಮನೆಯವರು ಬಂದು ಒಂದೇ ಜಮಖಾನೆಯ ಮೇಲೆ ಕೂತರು. ಅಷ್ಟಾದರೂ ಅವನಿಗೆ ಬುದ್ಧಿ ಬರಲಿಲ್ಲ.

ಹೆಂಡತಿ ಚಮನಬಿಗೆ ನಲವತ್ತಾರು ದಾಟಿತ್ತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಕ್ತ ಹೋಗುವುದು ಹೆಚ್ಚಾಗಿ, ರೊಟ್ಟಿ ಬಡಿಯುತ್ತಿದ್ದವಳು ಒಂದು ದಿನ ಕಣ್ಣಿಗೆ ಕತ್ತಲು ಬಂದು ಗೋಡೆ ಹಿಡಿದು ಕೂತಳು. ಒಂದು ಖಾಸಗಿ ದವಾಖಾನೆಯಲ್ಲಿ ಸ್ಕ್ಯಾನಿಂಗ್ ಮಾಡಿದರು, ಒಳಗಿನ ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಆಮೇಲೆ ಅಲ್ಲಿಯ ಡಾಕ್ಟರು, ಗರ್ಭಚೀಲದಲ್ಲಿ ಗಡ್ಡೆ ಇದೆ, ಚೀಲವನ್ನೇ ತೆಗೆದುಬಿಡೋಣ, ಸೋಮವಾರ ಬನ್ನಿ ಎಂದರು. ಮತ್ತೇನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಚಮನಬಿ ಹೆದರಿದ್ದಳು. ಅವಳ ಅಕ್ಕ ಜೈತುನಬಿ ಅದೇ ಓಣಿಯ ಆ ತುದಿಯಲ್ಲಿದ್ದಾಳೆ. ಮೂವತ್ತು ತುಂಬುವ ಮೊದಲೇ ಅವಳ ಚೀಲ ತೆಗೆಸಿದ್ದರು. ಅಂದಿನಿಂದ ಸೊಂಟನೋವು, ಮೈಯೆಲ್ಲ ಉರಿ, ತುಂಬಿದ ಕೊಡ ಎತ್ತಿದ್ದನ್ನು ಯಾರೂ ಕಂಡಿಲ್ಲ. ಡಾಕ್ಟರು ಹೇಳಿದರು, ಮನೆಯವರು ಹೂಂ ಅಂದರು, ಅಷ್ಟೇ ಅವಳ ಕಥೆ. ನಮ್ಮ ಕಡೆ ಓಣಿಗೊಂದು ಇಂಥ ಕಥೆ ಇದೆ. ಯಾರೂ ಅದನ್ನು ಕಥೆ ಎನ್ನುವುದಿಲ್ಲ.

"ಒಬ್ಬನ ಮಾತಿನ ಮ್ಯಾಲ ನಾ ಹೋರಿನೇ ಮಾರಂಗಿಲ್ಲ," ಎಂದ ಗೌಸಮೊಹಿದ್ದೀನ. "ಸೊಲ್ಲಾಪುರಕ್ಕ ಹೋಗಿ ಇನ್ನೊಬ್ಬ ಡಾಕ್ಟರಬಾಯಿಗಿ ತೋರಸೂಣು."

ಅವನು ಹುಟ್ಟಿದ ಮೇಲೆ ಆಡಿದ ಒಳ್ಳೆಯ ಮಾತುಗಳಲ್ಲಿ ಇದೊಂದು. ಆದರೆ ಹೊರಡುವ ಹೊತ್ತಿಗೆ ಎರಡನೆಯ ಪಾಠ ಎದ್ದು ಬಂತು. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ದವಾಖಾನೆ ಕಾಗದಗಳ ಕವರನ್ನು ಚಮನಬಿ ತೆಗೆದುಕೊಂಡಾಗ, ಅವನು ಕಸಿದು ಮತ್ತೆ ಮೊಳೆಗೇ ಹಾಕಿದ.

"ಇದನ್ನ ತೋರಸಿದ್ರ ಆಕೀನೂ ಇದನ್ನೇ ಓದಿ ಹೇಳ್ತಾಳ. ನೀ ಏನೂ ಹೇಳಬ್ಯಾಡ. ತಾನಾಗೇ ಏನಂತಾಳ ನೋಡೂಣು."

ಅವನು ಚಪ್ಪಲಿ ಹುಡುಕುವಷ್ಟರಲ್ಲಿ ಚಮನಬಿ ಕವರನ್ನು ಮಡಿಚಿ ಬುತ್ತಿ ಗಂಟಿನಲ್ಲಿ, ರೊಟ್ಟಿಗಳ ಕೆಳಗೆ ಇಟ್ಟಳು.

ಸೊಲ್ಲಾಪುರದ ಡಾಕ್ಟರ್ ವಿದ್ಯಾವತಿ ನಮ್ಮ ಕಡೆಯವರೇ, ನರೋಣಾದವರು. ಹೊಸದಾಗಿ ಸ್ಕ್ಯಾನಿಂಗ್ ಮಾಡಿ ಹೇಳಿದರು: "ಗಡ್ಡಿ ದೊಡ್ಡದದ. ಇದೊಂದೇ ನೋಡಿ ಹೇಳೂದಾದ್ರ ಚೀಲ ತೆಗಸ್ರಿ ಅಂತೇನಿ. ಮೊದಲ ಎಲ್ಲೆರೆ ತೋರಿಸೀರೇನು? ಹಳೇ ಕಾಗದ ಅವೇನು?"

"ಇಲ್ರಿ ಬಾಯಿಯವರ. ಮೊದಲ ನಿಮ್ಮ ಹಂತೇಕನೇ ಬಂದೀವಿ," ಎಂದ ಗೌಸಮೊಹಿದ್ದೀನ, ರೆಪ್ಪೆ ಅಲುಗಿಸದೆ.

ಚಮನಬಿ ಗಂಡನ ಮುಖ ನೋಡಿದಳು. ಆ ಗಳಿಗೆಯಲ್ಲಿ ತನಗೆ ಕಂಡದ್ದು ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಅಕ್ಕ ಎಂದು ಆಮೇಲೆ ಹೇಳಿದ್ದಾಳೆ. ಬುತ್ತಿ ಬಿಚ್ಚಿದಳು. ಡಾಕ್ಟರ ಮೇಜಿನ ಮೇಲೆ ಮೊದಲು ರೊಟ್ಟಿಗಳು ಬಂದವು, ಆಮೇಲೆ ಶೇಂಗಾ ಹಿಂಡಿ ಚಟ್ನಿಯ ಪೊಟ್ಟಣ, ಕಡೆಗೆ ಕವರು.

"ಹಳೇ ಕಾಗದ ಅವ ರೀ," ಎಂದಳು.

ಡಾಕ್ಟರು ಗೌಸಮೊಹಿದ್ದೀನನನ್ನು ಒಮ್ಮೆ ನೋಡಿ ಕಾಗದಗಳನ್ನು ಹರಡಿದರು. ಹೋದ ತಿಂಗಳ ಸ್ಕ್ಯಾನಿಂಗ್ ಇತ್ತು, ಚೂರು ಪರೀಕ್ಷೆಯ ಕಾಗದವಿತ್ತು. ಅವುಗಳ ಕೆಳಗೆ ಇನ್ನೊಂದು ಚಿತ್ರವಿತ್ತು, ಮೂರು ವರ್ಷದ ಹಿಂದೆ ಹೊಟ್ಟೆನೋವೆಂದು ಹೋದಾಗ ಮಾಡಿಸಿದ್ದು. ಅದೊಂದಿದೆ ಎಂಬುದನ್ನೇ ಮನೆಯವರು ಮರೆತಿದ್ದರು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಮೂರು ವರ್ಷದಾಗ ಗಡ್ಡಿ ಬೆಳದೇ ಇಲ್ಲ ನೋಡ್ರಿ. ಚೂರು ಪರೀಕ್ಷಾದಾಗೂ ಕೆಟ್ಟದ್ದೇನಿಲ್ಲ ಅಂತ ಬರದದ. ಮುಟ್ಟು ನಿಂತ ಮ್ಯಾಲ ಇಂಥಾವು ಬಹಳ ಮಂದಿಗಿ ತಾವೇ ಕುಗ್ತಾವ. ರಕ್ತ ಹೋಗೂದು ಕಡಿಮಿ ಆಗಾಕ ಗುಳಿಗಿ ಕೊಡ್ತೇನಿ, ಆರು ತಿಂಗಳಿಗೊಮ್ಮೆ ಬಂದು ತೋರಸ್ರಿ. ಬೆಳೀಲಾಕತ್ತಿದ್ರ ಆಗ ತೆಗಸಿದ್ರಾತು. ಈಗೇ ತೆಗಸ್ತೇನಿ ಅಂದ್ರ ಅದೂ ತಪ್ಪಲ್ಲ."

"ನಿಮ್ಮ ಕಡೀ ಮಾತು ಹೇಳಿಬಿಡ್ರಿ," ಎಂದ ದಲಾಲ.

"ಕಡೀ ಮಾತು ನಂದಲ್ಲ. ಚೀಲ ಇವರದು," ಎಂದು ಡಾಕ್ಟರು ಚಮನಬಿಯ ಕಡೆ ತಿರುಗಿದರು. "ಮನಿಗಿ ಹೋಗಿ ಕೂತು ವಿಚಾರ ಮಾಡ್ರಿ ತಾಯಿ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರೆ. ಇವನು ಬೆಣ್ಣೆಯನ್ನು ಮೊಳೆಗೆ ತೂಗುಹಾಕಿ ಸೊಲ್ಲಾಪುರದವರೆಗೆ ಹೋಗಿದ್ದ. ಮರಳುವ ಬಸ್ಸು ದುಧನಿ ದಾಟುವಾಗ ಹೆಂಡತಿಯ ಕಡೆ ತಿರುಗಿದ.

"ಎತ್ತಿನ ವ್ಯಾಪಾರದಾಗ ಹಿಂಗ ಎಲ್ಲಾ ಬಿಚ್ಚಿ ತೋರಸಂಗಿಲ್ಲ, ಚಮನ."

"ಎತ್ತಿಗಿ ಮಾತು ಬರಂಗಿಲ್ರಿ," ಎಂದಳು ಅವಳು. "ನನಗ ಬರ್ತದ."

ಮನೆಯಲ್ಲಿ ಜೈತುನಬಿಯೂ ಅವಳ ಗಂಡ ರಸೂಲನೂ ಕಾಯುತ್ತಿದ್ದರು. ಚಹಾ ಬರುವ ಮೊದಲೇ ರಸೂಲ ಕೇಳಿದ: "ಏನು ಗಟ್ಟಿ ಆತು ಭಾಯಿ? ಸೋಮವಾರ ತೆಗಸೂದೇ?" ಅವನು ಕೇಳಿದ್ದು ಗೌಸಮೊಹಿದ್ದೀನನನ್ನು. ಅಂಥ ಪ್ರಶ್ನೆಯನ್ನು ಗಂಡಸಿಗೇ ಕೇಳುವುದು ರೂಢಿ.

ಗೌಸಮೊಹಿದ್ದೀನ ಹೆಗಲಿನ ಟವೆಲ್ಲನ್ನು ತೆಗೆದು ಬಲಗೈ ಮೇಲೆ ಹೊದೆಸಿ, ಕೈಯನ್ನು ಚಮನಬಿಯ ಮುಂದೆ ಚಾಚಿದ. ಇಷ್ಟು ವರ್ಷದ ಸಂಸಾರದಲ್ಲಿ ನಿನಗೇನು ಬೇಕು ಎಂದು ಅವಳನ್ನು ಕೇಳಿದ್ದು ಅದೇ ಮೊದಲು. ಕೇಳುವ ಬೇರೆ ರೀತಿ ಅವನಿಗೆ ಗೊತ್ತಿರಲಿಲ್ಲ, ಪಾಪ.

ಚಮನಬಿ ಟವೆಲ್ಲನ್ನು ಎತ್ತಿ ಬದಿಗಿಟ್ಟಳು.

"ಮುಚ್ಚಿ ಹೇಳೂವಂಥಾದ್ದು ಏನದ ಇದರಾಗ? ನಾ ತೆಗಸಂಗಿಲ್ಲ. ಗುಳಿಗಿ ತಗೋತೇನಿ. ಆರು ತಿಂಗಳಿಗಿ ಹೋಗಿ ಮತ್ತ ತೋರಸ್ತೇನಿ."

ಜೈತುನಬಿ ಕವರಿನಿಂದ ಹಳೆಯ ಚಿತ್ರವನ್ನು ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ಅವಳಿಗೆ ಓದು ಬರುವುದಿಲ್ಲ. ಆದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಚಮನ, ನಂದೂ ಇಂಥಾದ್ದೊಂದು ತೆಗದಿದ್ರು," ಎಂದಳು. "ಇನ್ನೊಬ್ಬರಿಗಿ ತೋರಸಿದ್ರ ಅವರು ಏನಂತಿದ್ರಬೇ?"

ರಸೂಲ ಎದ್ದು ಹೊರಗೆ ಹೋದ. ಚಮನಬಿ ಬಂದು ಅಕ್ಕನ ಪಕ್ಕ ಕೂತಳು. ಜೈತುನಬಿಯ ಆ ಚಿತ್ರ ಈಗ ಯಾರ ಹತ್ತಿರವೂ ಇಲ್ಲ.