ಮಲಂಗಸಾಬ ಸರ್ ಕೇಳಿದ ಕೀಲಿ

ಗದಗ ಜಿಲ್ಲೆಯ ಸಂಗೀತವೆಂದರೆ ತಂಬೂರಿ, ತಬಲಾ, ಹಾರ್ಮೋನಿಯಂ ಎಂದು ಹೆಮ್ಮೆಯಿಂದ ಎಣಿಸುವ ನಾವು, ಆ ಸಾಲಿಗೆ ಗಿಟಾರನ್ನು ಸೇರಿಸಲು ಇಂದಿಗೂ ಹಿಂದೇಟು ಹಾಕುತ್ತೇವೆ. ಆದರೆ ಥ್ರ್ಯಾಶ್ ಮೆಟಲ್ ಎಂಬ ಬಿರುಸಿನ, ಕಿವಿ ತುಂಬುವ, ಅತಿವೇಗದ ಸಂಗೀತವನ್ನು ಮನಸಾರೆ ಪ್ರೀತಿಸುವ ತರುಣ ತರುಣಿಯರು ದೇಶದ ಯಾವ ಮೂಲೆಯಲ್ಲಿ ಕಲೆತರೂ ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯ ಹೆಸರನ್ನು ಗೌರವದಿಂದ ಹೇಳುತ್ತಾರೆ. ಅದಕ್ಕೆ ಕಾರಣರಾದವರು ನನ್ನ ಗುರುಗಳೂ, ನಾನು ಅಲ್ಲಿ ಓದಿದ ಪ್ರೌಢಶಾಲೆಯ ಸಂಗೀತ ಶಿಕ್ಷಕರಾಗಿ ಈ ತಿಂಗಳು ನಿವೃತ್ತರಾಗುತ್ತಿರುವವರೂ ಆದ ಶ್ರೀ ಮಲಂಗಸಾಬ ನದಾಫ ಅವರು. ಅವರಿಗೆ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿರುವ ಸಮಿತಿಗೆ ನಾನು ಕೃತಜ್ಞಳಾಗಿರಬೇಕಿತ್ತು. ಆಗಿಲ್ಲ. ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿ, "ಮೇಡಂ, ಸರ್ ಅವರ ಸರಳತನ, ತಾಳ್ಮಿ, ಪ್ರಾರ್ಥನಾ ಹಾಡು, ಇಷ್ಟು ಬರೀರಿ. ಆ ಗದ್ದಲದ ಸುದ್ದಿ ಮಾತ್ರ ಬ್ಯಾಡ್ರಿ" ಎಂದರು. ನಾನು ಆ ಗದ್ದಲದ ಸುದ್ದಿಯನ್ನೇ ಬರೆಯುತ್ತೇನೆ. ಮೂರು ವರ್ಷಗಳಿಂದ ನಮ್ಮ ಶಾಲೆಯ ಒಂದು ಖೋಲಿಯಲ್ಲಿ ಆರು ಗಿಟಾರುಗಳು ಬೀಗದೊಳಗಿವೆ. ಆ ಬೀಗ ತೆಗೆಯಬೇಕು, ಅಲ್ಲಿ ಮತ್ತೆ ಪಾಠ ನಡೆಯಬೇಕು. ಈ ಲೇಖನ ಅದಕ್ಕಾಗಿ. ಸಂಪಾದಕರು ಇದನ್ನು ಇಡಿಯಾಗಿ ಅಚ್ಚು ಹಾಕಲಿ, ಇಲ್ಲವಾದರೆ ಇಡಿಯಾಗಿ ಹಿಂದಿರುಗಿಸಲಿ.

ಮಲಂಗಸಾಬ ಸರ್ ಲಕ್ಷ್ಮೇಶ್ವರದವರು. ತಂದೆ ನಬಿಸಾಬ ಅವರು ಅರಳೆ ಹಿಂಜಿ ಗಾದಿ ತುಂಬುವ ಕಸುಬಿನವರು. ಜಂತಿಗೆ ತೂಗುಹಾಕಿದ ದೊಡ್ಡ ಬಿಲ್ಲಿನ ತಂತಿಯನ್ನು ತಂದೆ ಕಟ್ಟಿಗೆಯ ಗುಂಡಿನಿಂದ ಹೊಡೆದಾಗ ಏಳುತ್ತಿದ್ದ ಝೇಂಕಾರವೇ ತಾವು ಕೇಳಿದ ಮೊದಲ ಸ್ವರವೆಂದು ಸರ್ ಹೇಳುತ್ತಿದ್ದರು. ಮುಂದೆ ಗದಗಿಗೆ ಬಂದು ಸಿತಾರ್ ಕಲಿತರು. ಮಿರಜಿನ ವಾದ್ಯದ ಅಂಗಡಿಯೊಂದರಲ್ಲಿ ಗಿಟಾರು ಕಂಡು ಅದಕ್ಕೂ ಮನಸೋತರು. ಧಾರವಾಡದಿಂದ ಬೇರೆಯಾಗಿ ಗದಗ ಹೊಸ ಜಿಲ್ಲೆಯಾದ ವರ್ಷವೇ ನಮ್ಮ ಶಾಲೆ ಆರಂಭವಾಯಿತು, ಆ ವರ್ಷವೇ ಸರ್ ಸೇವೆಗೆ ಸೇರಿದರು. ಸಂಗೀತದ ಖೋಲಿಯಲ್ಲಿ ಆಗ ಇದ್ದದ್ದು ಮೂರು ಸ್ವರದ ಮನೆಗಳು ಸದ್ದು ಮಾಡದ ಒಂದು ಹಾರ್ಮೋನಿಯಂ ಮಾತ್ರ. ಮಿರಜಿನಿಂದ ಒಡೆದ ಗಿಟಾರುಗಳನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು, ಬಿರುಕಿಗೆ ಸರೇಸಿನ ಅಂಟು ಹಚ್ಚಿ, ಹಗ್ಗದಿಂದ ಬಿಗಿದು ಒಣಗಿಸಿ, ಒಂದೊಂದಾಗಿ ಆರನ್ನು ಸಜ್ಜುಗೊಳಿಸಿ ಶಾಲೆಗೆ ಕೊಟ್ಟವರು ಅವರೇ. ಇಂದು "ಶಾಲೆಯ ಆಸ್ತಿ" ಎಂದು ಬೀಗ ಜಡಿದಿರುವುದು ಇವೇ ಗಿಟಾರುಗಳಿಗೆ.

ಅವರ ಪಾಠದ ಕ್ರಮ ಎಲ್ಲಿಯೂ ಇರಲಾರದು. ಗಿಟಾರಿನ ತಂತಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಮೀಟಬಹುದು. ಹಾಗೆ ಎರಡೂ ಕಡೆ ಮೀಟಿದರೆ ಕೈಗೆ ಆಯಾಸ ಕಡಿಮೆ. ಸರ್ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ತಂದೆಯ ಬಿಲ್ಲಿನ ಮೇಲೆ ಬೀಳುತ್ತಿದ್ದ ಹೊಡೆತದಂತೆ ನಮ್ಮ ಮೀಟೂ ಒಂದೇ ದಿಕ್ಕಿಗೆ, ಕೆಳಮುಖವಾಗಿಯೇ ಬೀಳಬೇಕು, ಪ್ರತಿ ಮೀಟಿನ ತೂಕವೂ ಒಂದೇ ಆಗಿರಬೇಕು. ಲಯ ಹಿಡಿಯಲು ಅವರು ಯಂತ್ರ ತರಲಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿದ್ದ ತಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ, ಪಕ್ಕದ ಮನೆಯ ಹನಮಂತವ್ವನವರ ಕೈಮಗ್ಗದ ಸದ್ದಿಗೆ ಬಾರಿಸಲು ಹೇಳುತ್ತಿದ್ದರು. ಅದು ಕೈಗೆ ಬಂದ ಮೇಲೆ ಓಣಿಯ ಆಚೆ ಬದಿಯ ವಿದ್ಯುತ್ ಮಗ್ಗಗಳ ಸದ್ದಿಗೆ. ಮಣಿಕಟ್ಟು ಉರಿಯುತ್ತಿತ್ತು, ಬೆರಳ ತುದಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ಹನಮಂತವ್ವನವರು ಕೆಲಸದ ನಡುವೆ ಎದ್ದರೆ ನಮ್ಮ ಕೈಯೂ ನಿಲ್ಲುತ್ತಿತ್ತು, ಆಗ ಅವರು ಕಿಟಕಿಯಿಂದಲೇ ಗದರಿಸುತ್ತಿದ್ದರು: "ನಾ ನೀರ ಕುಡ್ಯಾಕ ಎದ್ದೀನಿ, ನೀವ್ಯಾಕ ನಿಂತ್ರಿ? ಎಲ್ಲಾರೂ ಒಮ್ಮೆಲೆ ನೀರಡಿಸಿರೇನು?"

ಸರ್ ಅವರ ತಾಳ್ಮೆಯನ್ನು ಕುರಿತು ಬರೆಯಿರೆಂದಿದ್ದಾರಲ್ಲ, ಅದಕ್ಕೂ ನನ್ನ ಬಳಿ ಸಾಕ್ಷಿಯಿದೆ. ನಾನು ಶಿರಹಟ್ಟಿಯವಳು, ಬೆಟಗೇರಿಯ ಚಿಗವ್ವನ ಮನೆಯಲ್ಲಿದ್ದು ಓದುತ್ತಿದ್ದೆ. ಹೆಣ್ಣುಮಗಳು ಗಿಟಾರು ಹಿಡಿದು ಕಟ್ಟೆಯ ಮೇಲೆ ಕೂರುತ್ತಾಳೆಂಬ ಸುದ್ದಿ ಊರಿಗೆ ಮುಟ್ಟಿ, ನನ್ನ ತಂದೆ ಹೊಳೆಯಪ್ಪನವರು ಸಾಲಿ ಬಿಡಿಸುವ ಮಾತಾಡಿದಾಗ, ಸರ್ ರವಿವಾರದ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಚಹಾ ಕುಡಿದು ಲೋಟ ಕೆಳಗಿಡುವವರೆಗೂ ವಿಷಯ ಎತ್ತಲಿಲ್ಲ. ಆಮೇಲೆ, "ನಿಮ್ಮ ಮಗಳ ಕೈಯಾಗ ಲಯ ಐತ್ರಿ. ಅದನ್ನ ಮನ್ಯಾಗ ಮುಚ್ಚಿಟ್ಟು ಏನ ಮಾಡ್ತೀರಿ?" ಎಂದರು.

"ಕಲ್ತು ಏನ ಆಗ್ತಾಳ್ರಿ ಸರ?" ಎಂದರು ತಂದೆ.

"ಅದು ನನಗೂ ಗೊತ್ತಿಲ್ರಿ. ಕಲಸಾಕ ಬರತೈತಿ, ಅಷ್ಟ ಗೊತ್ತು."

ಇಂತಹ ಪ್ರಾಮಾಣಿಕ ಉತ್ತರವನ್ನು ನಮ್ಮ ತಂದೆ ಯಾವ ಮಾಸ್ತರರಿಂದಲೂ ಕೇಳಿರಲಿಲ್ಲವೆಂದು ಕಾಣುತ್ತದೆ, ಒಪ್ಪಿಕೊಂಡರು. ನಾನು ಮುಂಡರಗಿಯಲ್ಲಿ ಕನ್ನಡ ಶಿಕ್ಷಕಿಯಾಗಿದ್ದೇನೆ, ಸಂಜೆ ಗಿಟಾರು ಬಾರಿಸುತ್ತೇನೆ. ಮನೆಯಲ್ಲಿ ಥ್ರ್ಯಾಶ್ ಮೆಟಲ್ ಹಚ್ಚಿದಾಗ ನೆರೆಯವರು ಮಿಕ್ಸರ್ ಕೆಟ್ಟಿದೆಯೇ ಎಂದು ಕೇಳುತ್ತಾರೆ, ಅಭ್ಯಾಸವಾಗಿದೆ.

ಆ ಸಂಗೀತವನ್ನು ನಮ್ಮ ಕಟ್ಟೆಗೆ ತಂದವನು ನನ್ನ ಸಹಪಾಠಿ, ಹೊಂಬಳದ ಶಾಹಬಾಜ. ಯಾರೋ ಕೊಟ್ಟ ಕ್ಯಾಸೆಟ್ಟೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದು, ಅಂಜುತ್ತ ಅಂಜುತ್ತ ಸರ್ ಮುಂದೆ ಹಚ್ಚಿದ. ಬೇರೆ ಯಾವ ಮಾಸ್ತರರಾದರೂ ಟೇಪ್‌ರೆಕಾರ್ಡರಿನ ವಾಯರು ಕೀಳುತ್ತಿದ್ದರು. ಸರ್ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಒಂದು ಮಗ್ಗುಲು ಪೂರ್ತಿ ಕೇಳಿ, ತಿರುವಿ ಹಾಕಿಸಿ ಇನ್ನೊಂದನ್ನೂ ಕೇಳಿದರು. ಕೊನೆಗೆ ಅವರು ಹೇಳಿದ ಮಾತು ನಮಗಿಬ್ಬರಿಗೂ ಬಾಯಿಪಾಠ: "ಭಾಳ ಸಿಟ್ಟಿನ್ಯಾಗ ಅದಾರಲೇ ಇವರು. ಆದ್ರ ಲಯ ಬಿಟ್ಟಿಲ್ಲ ನೋಡು. ಸಿಟ್ಟು ಮಾಡೂದಿದ್ರ ಹಿಂಗ ಮಾಡಬೇಕು."

ಶಾಹಬಾಜ ಅಂದಿನಿಂದ ಹಿಂದೆ ನೋಡಲಿಲ್ಲ. ವಿದ್ಯುತ್ ಮಗ್ಗಗಳೇ ಹಿಂದೆ ಬೀಳುವಷ್ಟು ಅವನ ಕೈ ಓಡಿತು; ಪಿಯುಸಿ ಮುಗಿಸಿ ಪುಣೆಗೆ ಹೋದ, ತಂಡ ಕಟ್ಟಿದ, ಹೆಸರು ಮಾಡಿದ. ಈ ಸಂಗೀತದ ಅಭಿಮಾನಿಗಳನ್ನು ದೂರದಿಂದ ಕಂಡು ಪುಂಡರೆಂದು ತಿಳಿಯುವವರಿಗೆ ಒಂದು ಮಾತು ಹೇಳಲೇಬೇಕು. ಇವರು ವಾದಕನ ಮುಖ ನೋಡುವುದಿಲ್ಲ, ಮಣಿಕಟ್ಟು ನೋಡುತ್ತಾರೆ. ವಿಡಿಯೊವನ್ನು ನಿಧಾನಗೊಳಿಸಿ ಒಂದೊಂದು ಮೀಟನ್ನೂ ಪರೀಕ್ಷಿಸಿ, ಎಲ್ಲಿ ಮೇಲ್ಮುಖ ಮೀಟಿನ ಕಳ್ಳಾಟ ನಡೆಯಿತೆಂದು ಗಂಟೆಗಟ್ಟಲೆ ಜಗಳಾಡುತ್ತಾರೆ. ಒಬ್ಬನ ಕೈ ಶುದ್ಧವೆಂದು ಮನವರಿಕೆಯಾದರೆ ಅವರ ಮುಂದಿನ ಪ್ರಶ್ನೆ, ಇವನಿಗೆ ಕಲಿಸಿದವರು ಯಾರು ಎಂಬುದು. ಶಾಹಬಾಜ ಪ್ರತಿ ಕಾರ್ಯಕ್ರಮದಲ್ಲೂ ಸರ್ ಹೆಸರು ಹೇಳಿದ. ಹಾಗಾಗಿ ಕೊಲ್ಲಾಪುರ, ಹೈದರಾಬಾದ್, ದೂರದ ಶಿಲ್ಲಾಂಗಿನಿಂದಲೂ ಕಪ್ಪು ಅಂಗಿ ತೊಟ್ಟ, ಉದ್ದ ಕೂದಲಿನ ಹುಡುಗರು ಬೆಟಗೇರಿಯ ಓಣಿ ಹುಡುಕಿಕೊಂಡು ಬಂದರು. ಸರ್ ಕಾಲು ಮುಟ್ಟಿ, ಆಮೇಲೆ ಮಗ್ಗ ಎಲ್ಲಿ ಎಂದು ಕೇಳಿ, ಹನಮಂತವ್ವನವರ ಕಾಲನ್ನೂ ಮುಟ್ಟಿದರು. "ನಾ ಏನ ಮಾಡೀನೋ ಯಪ್ಪಾ? ಸೀರಿ ನೇಯ್ದೀನಿ ಅಷ್ಟ" ಎಂದು ಅವರು ಕಾಲು ಹಿಂದೆಳೆದುಕೊಂಡರು. ಆದರೂ ಬಂದವರಿಗೆ ರೊಟ್ಟಿ ಕಟ್ಟಿ ಕಳಿಸುವುದನ್ನು ಬಿಡಲಿಲ್ಲ. ಇಷ್ಟು ಗೌರವ ನಮ್ಮೂರಿನ ಯಾವ ಸಂಗೀತ ಶಿಕ್ಷಕರಿಗೆ ಸಂದಿದ್ದರೂ ಆಡಳಿತ ಮಂಡಳಿಯವರು ಮೆರವಣಿಗೆ ಮಾಡುತ್ತಿದ್ದರು. ಸರ್ ವಿಷಯದಲ್ಲಿ ಅವರು ಮಾಡಿದ್ದೇನೆಂದು ಕೇಳಿರಿ.

ಶಾಲೆಯ ಬೆಳ್ಳಿಹಬ್ಬಕ್ಕೆ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಯೆಂದು ಶಾಹಬಾಜನನ್ನು ಕರೆಯಲು ಮಂಡಳಿಯವರೇ ತೀರ್ಮಾನಿಸಿದರು. ಅವರಲ್ಲೊಬ್ಬರೂ ಅವನ ಒಂದು ಹಾಡನ್ನೂ ಕೇಳಿರಲಿಲ್ಲ. "ಅವನದು ಬ್ಯಾರೆ ನಮೂನಿ ಐತ್ರಿ. ಒಮ್ಮೆ ಕೇಳಿ, ಆಮ್ಯಾಲ ಕರೀರಿ" ಎಂದು ಸರ್ ಎಚ್ಚರಿಸಿದರೆ, "ಗಿಟಾರ್ ಅಂದ್ರ ಗಿಟಾರ್ ಬಿಡ್ರಿ ಸರ" ಎಂದು ಅಧ್ಯಕ್ಷರು ನಕ್ಕರು. ಆಮಂತ್ರಣ ಪತ್ರಿಕೆಯಲ್ಲಿ "ಸುಮಧುರ ಗಿಟಾರ್ ವಾದನ" ಎಂದು ಅಚ್ಚಾಯಿತು. ಶಾಹಬಾಜ ತನ್ನ ತಂಡದೊಂದಿಗೆ ಬಂದ. ಅಭಿಮಾನಿಗಳು ಹುಲಕೋಟಿಯಿಂದ ಹುಬ್ಬಳ್ಳಿಯವರೆಗೆ ಎಲ್ಲ ಕಡೆಯಿಂದ ಬಂದರು. ಮಧ್ಯಾಹ್ನದ ಬಿಸಿಲಿನಲ್ಲಿ ವಾದನ ಆರಂಭವಾಗಿ ಮುಂದಿನ ಸಾಲಿನ ಸೋಫಾಗಳಲ್ಲಿದ್ದ ಗಣ್ಯರು ಕಿವಿ ಮುಚ್ಚಿಕೊಂಡಿದ್ದೇ ತಡ, ಯಾರೋ ಓಡಿಹೋಗಿ ಆಂಪ್ಲಿಫೈಯರಿನ ವಾಯರು ಕಿತ್ತರು. ಅಧ್ಯಕ್ಷರು ಮೈಕು ಹಿಡಿದು, "ಇದು ಸಂಗೀತ ಅಲ್ಲ, ನಮ್ಮ ಸಂಸ್ಕೃತಿನೂ ಅಲ್ಲ. ಇದನ್ನ ಕಲಿಸಿದವರು ವೇದಿಕೆಗೆ ಬಂದು ಸಭಾದ ಮುಂದ ಕ್ಷಮಾ ಕೇಳ್ರಿ" ಎಂದರು. ಇಪ್ಪತ್ತೈದು ವರ್ಷ ದುಡಿದ ಶಿಕ್ಷಕರಿಗೆ, ಅವರದೇ ಮಕ್ಕಳ ಎದುರಿಗೆ ಹೇಳಿದ ಮಾತಿದು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಸರ್ ವೇದಿಕೆ ಹತ್ತಿದರು. ಕ್ಷಮೆ ಕೇಳಲಿಲ್ಲ. ಮೈಕಿನ ಕಡೆಗೂ ಹೋಗಲಿಲ್ಲ. ತಲೆ ತಗ್ಗಿಸಿ ನಿಂತಿದ್ದ ಶಾಹಬಾಜನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಹಂಗ ಬಾರಿಸಲೇ. ಕಲ್ತಾಗ ಕರೆಂಟ್ ಎಲ್ಲಿತ್ತು?" ಎಂದರು. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ನಾಲ್ಕು ಮಾರಿನಾಚೆ ಕೇಳುವುದಿಲ್ಲ. ಆಗ ನಾನು ಕಂಡದ್ದನ್ನು ಇಡೀ ಜಿಲ್ಲೆ ಕಾಣಬೇಕಿತ್ತು. ಕೂಗಾಡುತ್ತಿದ್ದ ಆ ಕಪ್ಪು ಅಂಗಿಯ ಹುಡುಗರೆಲ್ಲ ಒಬ್ಬರಿಗೊಬ್ಬರು ಸನ್ನೆ ಮಾಡಿ ಸುಮ್ಮನಾಗಿ, ವೇದಿಕೆಯ ಬುಡಕ್ಕೆ ಬಂದು, ಮೊಣಕೈಗೆ ಮೊಣಕೈ ತಾಗಿಸಿ ಕುಳಿತು ಕೇಳಿದರು. ಸರ್ ಅಂಗೈ ತಾಳಕ್ಕೆ ಶಾಹಬಾಜನ ಕೈ ಹಾಡಿನುದ್ದಕ್ಕೂ ಕೆಳಮುಖವಾಗಿಯೇ ಓಡಿತು. ಮುಗಿದಾಗ, ವೇದಿಕೆಯ ಪಕ್ಕದ ಹೆಂಗಸರ ಸಾಲಿನಿಂದ ಹನಮಂತವ್ವನವರ ದನಿ ಎಲ್ಲರಿಗೂ ಕೇಳಿಸಿತು: "ಒಂದ ಎಳಿ ಸೈತ ಕಡದಿಲ್ಲ ನೋಡ್ರಿ!"

ಮರುವಾರವೇ ಗಿಟಾರು ತರಗತಿ ರದ್ದಾಯಿತು. ಮುರಿದ ಬೆಂಚುಗಳ ಖೋಲಿಯೊಳಗೆ ಆರೂ ಗಿಟಾರುಗಳನ್ನು ಹಾಕಿಸಿ ಬೀಗ ಜಡಿದರು. ಸರ್ ಪಾಲಿಗೆ ಉಳಿದದ್ದು ಬೆಳಗಿನ ಪ್ರಾರ್ಥನೆ, ಮತ್ತು ಗಂಟೆ ಬಾರಿಸುವವನು ರಜೆ ಹಾಕಿದ ದಿನ ಗಂಟೆ. ಬೀಗ ಹಾಕುವ ಮೊದಲು ಅವರು ಒಂದೇ ಒಂದು ಅನುಮತಿ ಕೇಳಿದರಂತೆ: "ತಂತಿ ಸಡ್ಲ ಮಾಡಿ ಬರ್ತೀನ್ರಿ. ಬಿಗಿ ಇದ್ದಂಗ ಇಟ್ರ ಹಿಡಿಕಿ ಬಾಗ್ತಾವು." ಒಳಗೆ ಹೋಗಿ, ಒಂದೊಂದೇ ತಂತಿಯನ್ನು ಸಡಿಲಿಸಿ, ಗಿಟಾರುಗಳನ್ನು ಗೋಡೆಗೆ ಆನಿಸಿ ಬಂದರು. ಮತ್ತೆ ಬಾರಿಸುವುದಿಲ್ಲ ಎಂದುಕೊಂಡವರು ಯಾರೂ ತಂತಿ ಸಡಿಲಿಸುವ ಗೋಜಿಗೆ ಹೋಗುವುದಿಲ್ಲ. ಮಂಡಳಿಯವರಿಗೆ ಅದು ತಿಳಿಯಲಿಲ್ಲ. ಮೂರು ವರ್ಷ ಎಷ್ಟೋ ಮಕ್ಕಳು ಆ ಬಾಗಿಲ ಮುಂದೆ ಹಾದು, ಕಲಿಯದೆಯೇ ಶಾಲೆ ಬಿಟ್ಟರು. ಅವರಲ್ಲಿ ಯಾರ ಕೈಯಲ್ಲಿ ಏನಿತ್ತೆಂದು ಇನ್ನು ಯಾರು ಹೇಳಬಲ್ಲರು?

ಈಗ ಅದೇ ಮಂಡಳಿ ಅಭಿನಂದನ ಸಮಿತಿಯಾಗಿದೆ. ಕಾಣಿಕೆಯಾಗಿ ಏನು ಬೇಕೆಂದು ಕೇಳಲು ಸರ್ ಮನೆಗೆ ಹೋದಾಗ ಅವರು, "ಆ ಖೋಲಿ ಕೀಲಿ ಕೊಡ್ರಿ, ಸಾಕು. ದಿನಾ ಸಂಜಿಕೆ ಬಂದು ಪುಕ್ಕಟ ಕಲಸ್ತೀನಿ" ಎಂದರು. ಬಂದವರು ಚೇಷ್ಟೆಯೆಂದು ತಿಳಿದು ನಕ್ಕು, ಬೆಳ್ಳಿಯ ವೀಣೆಯೊಂದನ್ನು ಮಾಡಿಸಲು ಹಾಕಿದ್ದಾರೆ. ಬಾರಿಸಲು ಬಾರದ ವೀಣೆ! ಮಾನ್ಯ ಅಧ್ಯಕ್ಷರೇ, ಈ ಮನುಷ್ಯ ತಮಾಷೆ ಮಾಡಲಿಲ್ಲ. ಅವರು ಬಾಳಿನಲ್ಲಿ ನಿಮ್ಮಿಂದ ಕೇಳಿದ್ದು ಎರಡೇ, ಅಂದು ತಂತಿ ಸಡಿಲಿಸಲು ಕೊಂಚ ಹೊತ್ತು, ಇಂದು ಅವನ್ನು ಮತ್ತೆ ಬಿಗಿಯಲು ಒಂದು ಕೀಲಿ. ಅದನ್ನು ಕೊಡಲಾಗದ ಕೈ ಅವರ ಹೆಗಲಿಗೆ ಶಾಲು ಹೊದಿಸುವುದು ನನಗಂತೂ ನೋಡಲಾಗದು.

ಆದ್ದರಿಂದ ಸಮಾರಂಭದ ದಿನ ನಾನು ಸಭಾಂಗಣಕ್ಕೆ ಬರುವುದಿಲ್ಲ. ಶಾಹಬಾಜ ಪುಣೆಯಿಂದ ಹೊರಡುತ್ತಿದ್ದಾನೆ, ಅವನ ಅಭಿಮಾನಿಗಳಿಗೂ ಖಬರ ಮುಟ್ಟಿದೆ. ನಾವೆಲ್ಲ ಗಿಟಾರು ಹಿಡಿದು ಆ ಖೋಲಿಯ ಬಾಗಿಲ ಮುಂದೆ ಕೂರುತ್ತೇವೆ. ಆಂಪ್ಲಿಫೈಯರ್ ತರುವುದಿಲ್ಲ, ಕೀಳಲು ವಾಯರೂ ಇರುವುದಿಲ್ಲ. ಹನಮಂತವ್ವನವರು ಮಗ್ಗ ನಿಲ್ಲಿಸಿ ಬರುವುದಾಗಿ ಹೇಳಿದ್ದಾರೆ. ಬೀಗ ತೆಗೆಯುವವರೆಗೆ ನಮ್ಮ ಕೈ ನಿಲ್ಲುವುದಿಲ್ಲ. ಹಾಗೆ ಕಲಿಸಿದವರು ನೀವೇ ಸನ್ಮಾನಿಸುತ್ತಿರುವ ಗುರುಗಳು.

ಪೂಜ್ಯ ಗುರುಗಳೇ, ನಿಮಗೆ ದೀರ್ಘಾಯುಷ್ಯವಿರಲಿ, ಮಣಿಕಟ್ಟಿನ ಬಲ ಕುಗ್ಗದಿರಲಿ, ನಿಮ್ಮ ಕಟ್ಟೆಯ ಮೇಲೆ ಗುಳ್ಳೆ ಎದ್ದ ಬೆರಳುಗಳಿಗೆ ಬರವಿಲ್ಲದಿರಲಿ. ನೀವು ಸಡಿಲಿಸಿಟ್ಟ ತಂತಿಗಳನ್ನು ನೀವೇ ಬಿಗಿಯುವ ಸಂಜೆ ಬೇಗ ಬರಲಿ. ಇದನ್ನೆಲ್ಲ ಸಿಟ್ಟಿನಲ್ಲಿಯೇ ಬರೆದಿದ್ದೇನೆ. ಎಲ್ಲಾದರೂ ಲಯ ತಪ್ಪಿದ್ದರೆ, ಆ ಖೋಲಿಯೊಳಗೆ ಕೂರಿಸಿಕೊಂಡು ತಿದ್ದಿರಿ.