ಬೇಚಿರಾಕ್ ಏರಿಯ ಮೇಲೆ ನಿಂತ ಗಾಡಿ

ಕಳೆದ ಚಳಿಗಾಲದಲ್ಲಿ ನನ್ನ ಗಂಡ ನನ್ನನ್ನು ನೋಡುತ್ತಿದ್ದ ರೀತಿಗೆ ನಾನು ಹೆದರಿದ್ದೆ. ಬಟ್ಟೆ ಒಗೆಯುತ್ತ ತಲೆಯೆತ್ತಿದರೆ ಹಿತ್ತಿಲ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಭಾನುವಾರ ಮಧ್ಯಾಹ್ನ ಒಂದು ಗಳಿಗೆ ಮಲಗಿ ಕಣ್ಣು ಬಿಟ್ಟರೆ ಅವರ ಬೆರಳು ನನ್ನ ಮೂಗಿನ ಕೆಳಗೆ ಇರುತ್ತಿತ್ತು. ಯಾಕೆಂದು ಕೇಳಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಗಾಡಿಯಿಂದ ಬಿದ್ದು ಮುರಿದಿದ್ದ ಹೆಗಲ ಮೂಳೆ ಕೂಡಿಕೊಂಡು ಡಾಕ್ಟರು ಪಟ್ಟಿ ಬಿಚ್ಚಿದ ಮೇಲೂ ಅವರು ತೋಟದ ಕಡೆ ತಲೆ ಹಾಕಲಿಲ್ಲ. ಎದುರಿಗೇ ಇರುವ ಮನುಷ್ಯ ಕೈತಪ್ಪಿ ಹೋಗುತ್ತಿದ್ದಾರೆ ಅನ್ನಿಸಿ ನನಗೆ ಅಳು ಬರುತ್ತಿತ್ತು. ಅಳು ಬಂದಾಗಲೆಲ್ಲ ಬೈಯುತ್ತಿದ್ದೆ. ನನ್ನ ಸ್ವಭಾವವೇ ಹಾಗೆ.

ನಮ್ಮೂರು ಹಾರನಹಳ್ಳಿಯಿಂದ ಒಳಕ್ಕೆ. ನಾನು ಅರಸೀಕೆರೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅವರದು ತೆಂಗಿನ ತೋಟ. ತೋಟಕ್ಕೆ ಹೋಗುವ ದಾರಿಯಲ್ಲಿ ಕಲ್ಲು ಬಿಟ್ಟರೆ ಧೂಳು, ಧೂಳು ಬಿಟ್ಟರೆ ಕಲ್ಲು. ಅದಕ್ಕೇ ಐವತ್ತರ ಹೊಸ್ತಿಲಲ್ಲಿ ಹಾಸನದ ಯಾವನೋ ಹುಡುಗ ಓಡಿಸಿ ಬಿಟ್ಟಿದ್ದ ಡರ್ಟ್ ಬೈಕನ್ನು ತಂದರು. ಸೀಟು ನನ್ನ ಸೊಂಟದ ಎತ್ತರ. ಮದುವೆ ಗಂಡಿನ ಹಾಗೆ ಅದರ ಮೇಲೆ ಕೂತು ಹೊರಟರೆ ಊರವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ದಸರಾ ರಜೆಯ ಹೊತ್ತಿಗೆ ಅದರ ಏರ್ ಫಿಲ್ಟರ್ ಧೂಳು ತಿಂದು ಹರಿದುಹೋಯಿತು. ಅವರು ಕೊಬ್ಬರಿ ಒಡೆಸುವುದರಲ್ಲಿ ಮುಳುಗಿದ್ದರಿಂದ ಹೊಸದನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ಅರಸೀಕೆರೆಯ ಅಂಗಡಿಯವನು ಎರಡು ಥರದ್ದು ತೋರಿಸಿದ. ಒಂದು ಕಾಗದದ್ದು, ಒಂದು ಸ್ಪಂಜಿನದು.

"ನಿಮ್ ರೋಡ್ನಾಗೆ ಕಾಗದದ್ದು ಎರಡು ತಿಂಗ್ಳು ಬರಲ್ಲ ಮೇಡಂ. ಸ್ಪಂಜಿಂದೇ ಹಾಕಿ, ತೊಳ್ಕೊಂಡು ತೊಳ್ಕೊಂಡು ಓಡಿಸ್ಬೋದು. ಆದ್ರೆ ಅದಕ್ಕೆ ಅಂತಲೇ ಅಂಟಂಟು ಎಣ್ಣೆ ಬರುತ್ತೆ, ಅದನ್ನ ಹಚ್ಚಿ ಹಾಕ್ಬೇಕು. ಈಗ ಸ್ಟಾಕಿಲ್ಲ, ಮುಂದಿನ ವಾರ ಬತ್ತದೆ" ಎಂದ.

ಮುಂದಿನ ವಾರದವರೆಗೆ ಯಾರು ಕಾಯುತ್ತಾರೆ? ನಮ್ಮ ಕಡೆ ಕೊಬ್ಬರಿ ಎಣ್ಣೆ ಹಚ್ಚದ ವಸ್ತುವೇ ಇಲ್ಲ. ತಲೆಗೆ, ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಮೆಷಿನ್ನಿಗೆ, ಎತ್ತಿನ ಕೊಂಬಿಗೆ. ನಮ್ಮ ಅಟ್ಟದಲ್ಲೇ ಒಣಗಿದ ಕೊಬ್ಬರಿಯಿಂದ ಗಾಣದಲ್ಲಿ ಆಡಿಸಿದ ಎಣ್ಣೆ ಮನೆಯಲ್ಲಿತ್ತು. ನಾನು ದಿನಾ ತಲೆಗೆ ಹಾಕುವುದೂ ಅದನ್ನೇ. ಬಿಸಿಲಲ್ಲಿ ಕೂತು ಸ್ಪಂಜಿಗೆ ಎಣ್ಣೆ ಸುರಿದು ಚೆನ್ನಾಗಿ ಹಿಸುಕಿ, ಹೆಚ್ಚಿದ್ದನ್ನು ಹಿಂಡಿದೆ. ಸೀಟಿನ ಕೆಳಗಿನ ಪೆಟ್ಟಿಗೆ ಬಿಚ್ಚಿ, ಒಳಗಿನ ಧೂಳು ಒರೆಸಿ, ಅಂಚು ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ ತಿರುಪು ಬಿಗಿದೆ. ಗಾಡಿ ಒಂದೇ ಒದೆತಕ್ಕೆ ಗುರ್ ಎಂದಿತು. ಅವರಿಗೆ ಹೆಂಡತಿಯ ಕೈಗುಣದ ಬಗ್ಗೆ ಹೆಮ್ಮೆ. ಆಮೇಲೆ ನಾನು ಅದನ್ನು ಮರೆತೇಬಿಟ್ಟೆ.

ಕಾರ್ತಿಕ ಕಳೆದು ಚಳಿ ಬಿತ್ತು. ಒಂದು ಬೆಳಿಗ್ಗೆ ತೋಟದ ಮೋಟಾರು ಹಾಕಲು ಹೋದವರು ದಾರಿಯ ಕೆರೆ ಏರಿಯ ಕೆಳಗೆ ಬಿದ್ದಿದ್ದರು. ದನ ಹೊಡೆದುಕೊಂಡು ಹೋಗುತ್ತಿದ್ದ ನೆರೆಮನೆಯ ಅಜ್ಜ ನೋಡಿ ಎತ್ತಿಸಿಕೊಂಡು ಬಂದ. ಮಧ್ಯಾಹ್ನ ತರಲು ಹೋದರೆ ಗಾಡಿ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತಂತೆ. ಬಿದ್ದ ಜಾಗ ಯಾವುದೆಂದು ಕೇಳಿ ಊರು ತಣ್ಣಗಾಯಿತು. ಅದು ಬೇಚಿರಾಕ್ ಊರು. ಯಾವ ಕಾಲದಲ್ಲೋ ಪ್ಲೇಗಿಗೆ ಜನ ಬಿಟ್ಟುಹೋದದ್ದು. ಪಹಣಿಯಲ್ಲಿ ಹೆಸರಿದೆ, ಊರಿಲ್ಲ. ಗೋಡೆಗಳೆಲ್ಲ ಮಣ್ಣಾಗಿ ಒಂದು ಕಲ್ಲಿನ ಬಾಗಿಲುವಾಡ ಮಾತ್ರ ಬಯಲಿನಲ್ಲಿ ನಿಂತಿದೆ. ಅದರ ಪಕ್ಕ ಒಂದು ಒರಳು. ಅದನ್ನು ದಾಟುವಾಗ ಯಾರೂ ಹಿಂದಕ್ಕೆ ನೋಡುವುದಿಲ್ಲ.

"ತಿರುಗಿ ನೋಡವ್ನೆ ಕಣವ್ವ, ಇಲ್ದಿದ್ರೆ ಬೀಳ್ತಿರ್ಲಿಲ್ಲ" ಎಂದ ಅಜ್ಜ.

ಅವರು ಹೇಳಿದ್ದು ಎರಡೇ ಮಾತು. ಗಾಡಿ ತಾನಾಗೇ ನಿಂತಿತು. ಏನೋ ವಾಸನೆ ಬಂತು. ಆಮೇಲೆ ಶುರುವಾದದ್ದು ಆ ನೋಟ. ಮಂತ್ರ ಹಾಕಿಸಿ ಎಂದವರ ಮೇಲೆ ರೇಗಿದೆ. ಇವರ ಮೇಲೂ ರೇಗಿದೆ. ದೆವ್ವಕ್ಕೆ ಹೆದರಿ ಸೆರಗು ಹಿಡಿದುಕೊಂಡು ಕೂತ ಗಂಡಸು ಎಂದು ಅಜ್ಜನ ಎದುರಿಗೇ ಅಂದೆ. ಅವರು ತಲೆ ತಗ್ಗಿಸಿದರು.

ಅವರನ್ನು ಸರಿಮಾಡಲು ನನಗೆ ಕಂಡದ್ದು ಒಂದೇ ದಾರಿ. ಅದೇ ಗಾಡಿಯನ್ನು ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಓಡಿಸಿ, ಏನೂ ಆಗದೆ ವಾಪಸು ಬಂದು ತೋರಿಸುವುದು. ಒಂದು ಶನಿವಾರ ಅವರು ಸ್ನಾನಕ್ಕೆ ಹೋದಾಗ ಸ್ವೆಟರ್ ಹಾಕಿಕೊಂಡು, ಮನೆಯೊಳಗೆ ಬೆಚ್ಚಗೆ ನಿಂತಿದ್ದ ಗಾಡಿ ತೆಗೆದು ಹೊರಟೆ. ಮಂಜು ಕವಿದಿತ್ತು. ಬೇಚಿರಾಕ್ ಕೆರೆಯ ತಗ್ಗಿಗೆ ಇಳಿಯುವಷ್ಟರಲ್ಲಿ ಬೆರಳುಗಳು ಸೆಟೆದುಕೊಂಡಿದ್ದವು. ಏರಿ ಹತ್ತುವಾಗ ಗಾಡಿ ಎರಡು ಸಲ ಕೆಮ್ಮಿತು. ಕಪ್ಪು ಹೊಗೆ ಬಂತು. ನಿಂತುಹೋಯಿತು.

ಅಂಥ ಸದ್ದಿಲ್ಲದ ಜಾಗವನ್ನು ನಾನು ಕಂಡಿಲ್ಲ. ಹಕ್ಕಿಯಿಲ್ಲ, ನಾಯಿಯಿಲ್ಲ. ಮಂಜಿನಲ್ಲಿ ಆ ಬಾಗಿಲುವಾಡ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಯಾರೋ ಈಗಷ್ಟೇ ಅದರೊಳಗಿಂದ ಆಚೆ ಬಂದ ಹಾಗೆ ಇತ್ತು. ಆಗ ವಾಸನೆ ಬಂತು. ಎಣ್ಣೆ ಹಾಕಿ ಬಾಚಿದ ತಲೆಯ ವಾಸನೆ, ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ. ನಾನು ಅವತ್ತು ತಲೆಗೆ ನೀರು ಹಾಕಿಕೊಂಡಿದ್ದೆ, ಎಣ್ಣೆ ಹಚ್ಚಿರಲಿಲ್ಲ. ಓಡಿಹೋಗಬೇಕು ಅನ್ನಿಸಿತು, ಆದರೆ ಬೆನ್ನು ತಿರುಗಿಸುವ ಧೈರ್ಯವಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಕೈಗೊಂದು ಕೆಲಸ ಬೇಕು ಎಂಬ ಒಂದೇ ಕಾರಣಕ್ಕೆ ಸ್ಟ್ಯಾಂಡ್ ಹಾಕಿ ಪೆಟ್ಟಿಗೆಯ ತಿರುಪು ಬಿಚ್ಚಿದೆ.

ಸ್ಪಂಜು ಬೆಳ್ಳಗಿತ್ತು. ಮುಟ್ಟಿದರೆ ಮೇಣದಷ್ಟು ಗಟ್ಟಿ. ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಒಂದೊಂದು ತೂತೂ ಮುಚ್ಚಿಕೊಂಡಿತ್ತು. ಎಂಜಿನ್ನಿಗೆ ಉಸಿರಾಡಲು ದಾರಿಯೇ ಇರಲಿಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಗಂಡನನ್ನು ಏರಿಯ ಕೆಳಕ್ಕೆ ಬೀಳಿಸಿದವಳೂ ನಾನೇ. ಅಲ್ಲೇ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತೆ. ಬಿಸಿಲೇರಿ ಸ್ಪಂಜು ಮೆತ್ತಗಾದ ಮೇಲೆ ಅದನ್ನು ಹಿಂಡಿ ಮತ್ತೆ ಕೂರಿಸಿ ಮನೆಗೆ ಬಂದೆ.

ಅವರು ಬರಿಗಾಲಲ್ಲಿ ರಸ್ತೆಯಲ್ಲೇ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಫಿಲ್ಟರ್ ತೆಗೆದು ಕೈಗೆ ಕೊಟ್ಟೆ. ಮೂಸಿದರು.

"ಇದೇ ವಾಸ್ನೆ."

"ಕೊಬ್ಬರಿ ಎಣ್ಣೆ ಹಚ್ಚಿದ್ದೆ ಕಣ್ರೀ. ಚಳಿಗೆ ಗಟ್ಟಿಯಾಗಿ ಗಾಡಿ ನಿಂತಿದೆ. ತಪ್ಪು ನಂದು. ಅಲ್ಲಿ ದೆವ್ವಾನೂ ಇಲ್ಲ, ಏನೂ ಇಲ್ಲ."

"ದೆವ್ವ ಅಂತ ನಾನ್ಯಾವಾಗ ಅಂದೆ?" ಎಂದರು. ಸ್ಪಂಜನ್ನು ಸುಮ್ಮನೆ ಹಿಸುಕುತ್ತಿದ್ದರು. "ಗಾಡಿ ನಿಂತ್ಕಂತು. ನಿನ್ ತಲೆ ವಾಸ್ನೆ ಬಂತು. ಮನೇಲಿ ಇರೋಳ ವಾಸ್ನೆ ಅಲ್ಲಿಗ್ಯಾಕೆ ಬತ್ತೈತೆ? ನೀನು ಹೋಗ್ಬಿಟ್ಟೆ, ಹೋಗೋಳು ನಂಗೆ ಹೇಳಿ ಹೋಗಾಕೆ ಬಂದೆ ಅನ್ಕೊಂಡೆ."

"ಮನೆಗೆ ಬಂದಾಗ ನಾನು ಇದ್ನಲ್ಲ. ನೋಡಿದ್ರಲ್ಲ."

"ನೋಡ್ದೆ. ಆದ್ರೂ ಮುಂದೆ ಆಗೋದು ಮೊದ್ಲೇ ಗೊತ್ತಾಯ್ತೇನೋ ಅಂತ. ಒಂದ್ ಗಳಿಗೆ ಬಿಟ್ಟು ಹೋದ್ರೆ ಆಗ್ಲೇ ಆಗ್ಬಿಟ್ರೆ?"

ತೋಟ ಒಣಗುತ್ತಿದ್ದರೂ, ಊರು ನಗುತ್ತಿದ್ದರೂ, ನಾನೇ ಅವರನ್ನು ಹೇಡಿ ಎನ್ನುತ್ತಿದ್ದರೂ ಅವರು ಅಷ್ಟು ದಿನ ಕಾವಲು ಕೂತದ್ದು ನನಗೆ. ನಾನು ಜಗಲಿಯ ಮೇಲೆ ಕುಸಿದೆ. ಅವರು ಪಕ್ಕದಲ್ಲಿ ಕೂತರು. ಮಗು ಕೇಳುವ ಹಾಗೆ ಕೇಳಿದರು:

"ಹಂಗಾದ್ರೆ ನಿಂಗೇನೂ ಆಗಾಕಿಲ್ಲ, ಅಲ್ವಾ?"

"ಇಲ್ಲ ಕಣ್ರೀ" ಎಂದೆ. ಇನ್ನೇನು ಹೇಳಲಿ.